ಕೊನೆಯ ದಿನಗಳಲ್ಲಿರುವ ಗುರುಗಳನ್ನು ಏನೆಂದು ಕೇಳಲಿ?

ಪ್ರಶ್ನೆ: ನನಗೆ ಸಂಶೋಧನೆಯ ದಾರಿ ತೋರಿಸಿದ ಗುರುಗಳು ಮೋಟಾರ್ ನ್ಯೂರಾನ್ ಕಾಯಿಲೆಯ ಮುಂದುವರಿದ ಹಂತದಲ್ಲಿದ್ದಾರೆ. ಕೈಕಾಲುಗಳು ಸ್ವಾಧೀನದಲ್ಲಿಲ್ಲ, ಮಾತು ತೊದಲುತ್ತಿದೆ. ವಾರಕ್ಕೊಮ್ಮೆ ಬರಬೇಕೆಂದು ಅವರೇ ಹೇಳಿ ಕಳುಹಿಸಿದ್ದಾರೆ. ಅವರ ಬದುಕಿನ ಅನುಭವವನ್ನು ಕೇಳಿ ತಿಳಿಯುವ ಆಸೆಯಿದ್ದರೂ, ಇಂಥ ಸ್ಥಿತಿಯಲ್ಲಿ ಪ್ರಶ್ನಿಸುವುದು ಸ್ವಾರ್ಥವಾಗದೇ ಎಂಬ ಅಳುಕಿದೆ. ನಡುವೆ ಅವರು ಇದ್ದಕ್ಕಿದ್ದಂತೆ ಅತ್ತರೆ ಏನು ಮಾಡಲಿ?

ಉತ್ತರ: ಅವರೇ ಕರೆದಿರುವುದರಿಂದ ಅಳುಕದೆ ಹೋಗಿ. ಬದುಕಿನುದ್ದಕ್ಕೂ ಕಲಿಸಿದವರಿಗೆ, ದೇಹದ ಶಕ್ತಿ ಒಂದೊಂದಾಗಿ ಕೈಬಿಡುತ್ತಿರುವಾಗಲೂ ತಮ್ಮಿಂದ ಒಬ್ಬರಿಗೆ ಉಪಯೋಗವಿದೆ ಎಂಬ ಅರಿವು ದೊಡ್ಡ ಆಸರೆ.

ಶರಶಯ್ಯೆಯಲ್ಲಿದ್ದ ಭೀಷ್ಮನ ಮುಂದೆ ನಿಲ್ಲಲು ಧರ್ಮರಾಯನೂ ಹಿಂಜರಿದಿದ್ದ. ಆ ಪ್ರಸಂಗದಲ್ಲಿ ನಾವು ಸಾಮಾನ್ಯವಾಗಿ ಮರೆಯುವ ಒಂದು ವಿವರವಿದೆ: ಬಾಣಗಳ ನೋವಿನಿಂದ ಬುದ್ಧಿ ತಿಳಿಯಾಗಿಲ್ಲ, ಮಾತನಾಡಲು ಶಕ್ತಿಯಿಲ್ಲ ಎಂದು ಭೀಷ್ಮ ಮೊದಲು ಹೇಳುತ್ತಾನೆ, ಕೃಷ್ಣ ಆ ನೋವನ್ನು ನೀಗಿಸಿದ ಮೇಲೆಯೇ ಉಪದೇಶ ಆರಂಭವಾಗುತ್ತದೆ. 1967ರಲ್ಲಿ ಲಂಡನ್ನಿನಲ್ಲಿ ಸೇಂಟ್ ಕ್ರಿಸ್ಟೋಫರ್ಸ್ ಹಾಸ್ಪಿಸ್ (ಕೊನೆಯ ದಿನಗಳಲ್ಲಿರುವವರ ಆರೈಕೆಯ ಮನೆ) ಆರಂಭಿಸಿದ ಸಿಸಿಲಿ ಸಾಂಡರ್ಸ್ ಅವರೂ ಸಾಯುತ್ತಿರುವವರ ದೇಹದ ನೋವನ್ನು ಮನಸ್ಸಿನ, ಸಂಬಂಧಗಳ ನೋವಿನಿಂದ ಬೇರ್ಪಡಿಸಿ ನೋಡಲಿಲ್ಲ. ಆದ್ದರಿಂದ ಇಂದು ಉಸಿರಾಟ ಹೇಗಿದೆ, ಒರಗಿದ ಭಂಗಿ ಹಿತವಾಗಿದೆಯೇ ಎಂಬುದು ನಿಮ್ಮ ಮೊದಲ ಪ್ರಶ್ನೆಯಾಗಲಿ. ದಣಿವಿದ್ದ ದಿನ ಸುಮ್ಮನೆ ಜೊತೆಗಿದ್ದು ಬನ್ನಿ.

ಈ ಕಾಯಿಲೆಯಲ್ಲಿ ಸ್ನಾಯುಗಳನ್ನು ನಡೆಸುವ ನರಕೋಶಗಳು ನಶಿಸುತ್ತವೆ. ಸ್ಪರ್ಶ, ಶ್ರವಣ ಸಾಮಾನ್ಯವಾಗಿ ಉಳಿದಿರುತ್ತವೆ, ಆಲೋಚನೆಯಲ್ಲಿ ಕೆಲವರಿಗೆ ಬದಲಾವಣೆಯಾದರೂ ಅನೇಕರಲ್ಲಿ ಅದು ಸ್ಪಷ್ಟವಾಗಿಯೇ ಇರುತ್ತದೆ. ಮಾತು ತಡವರಿಸಿದಾಗ ಅವರ ವಾಕ್ಯವನ್ನು ನೀವು ಮುಗಿಸಲು ಹೋಗಬೇಡಿ. ಹತೋಟಿಗೆ ಸಿಗದ ಅಳು ಅಥವಾ ನಗುವೂ ಈ ಕಾಯಿಲೆಯ ಲಕ್ಷಣವಾಗಿರಬಹುದು, ಅದು ಯಾವಾಗಲೂ ದುಃಖದ ಗುರುತಲ್ಲ. ಅಳು ಬಂದರೆ ಗಾಬರಿಯಾಗಿ ಎದ್ದು ಹೋಗದೆ ಸ್ವಲ್ಪ ಕಾದು, ಮುಂದುವರಿಸೋಣವೇ ಎಂದು ಕೇಳಿ. ಪದೇ ಪದೇ ಹೀಗಾಗುತ್ತಿದ್ದರೆ ಮನೆಯವರು ವೈದ್ಯರಿಗೆ ತಿಳಿಸಲಿ, ಅದಕ್ಕೆ ಔಷಧವಿದೆ.

‘ಬದುಕು ಎಂದರೇನು?’ ಎಂಬಂಥ ಪ್ರಶ್ನೆ ಆರೋಗ್ಯವಂತರನ್ನೂ ಬಳಲಿಸುತ್ತದೆ. ಕೆನಡಾದ ಮನೋವೈದ್ಯ ಹಾರ್ವೆ ಚೋಚಿನೋವ್ ಕೊನೆಯ ದಿನಗಳಲ್ಲಿರುವವರಿಗಾಗಿ ರೂಪಿಸಿದ ಘನತೆಯ ಚಿಕಿತ್ಸೆಯಲ್ಲಿ (ಡಿಗ್ನಿಟಿ ಥೆರಪಿ), ನಿಮ್ಮಲ್ಲಿ ಜೀವಂತಿಕೆ ತುಂಬಿ ತುಳುಕಿದ ಕಾಲ ಯಾವುದು, ನಿಮ್ಮವರಿಗೆ ಇನ್ನೂ ಹೇಳಬೇಕಾದದ್ದೇನು ಎಂದು ಕೇಳುತ್ತಾರೆ. ನೀವೂ ಹಾಗೆ ಹಿಡಿತಕ್ಕೆ ಸಿಗುವಂಥದ್ದನ್ನೇ ಕೇಳಿ: ಯಾವ ನಿರ್ಧಾರಕ್ಕೆ ಈಗಲೂ ಸಂತೋಷಪಡುತ್ತೀರಿ, ಯಾವ ಜಗಳ ಅನವಶ್ಯಕವಾಗಿತ್ತು ಅನ್ನಿಸುತ್ತದೆ?

ನನ್ನ ಅಭಿಪ್ರಾಯದಲ್ಲಿ, ನೀವು ಕಲಿಯುವುದರಲ್ಲಿ ಹೆಚ್ಚಿನ ಪಾಲು ಅವರ ಉತ್ತರಗಳಲ್ಲಿ ಇರಲಾರದು. ಸದಾ ಕೊಟ್ಟೇ ಅಭ್ಯಾಸವಿದ್ದವರು ಇನ್ನೊಬ್ಬರ ಕೈತುತ್ತನ್ನು, ಇನ್ನೊಬ್ಬರ ಹೆಗಲನ್ನು ಒಪ್ಪಿಕೊಳ್ಳುವುದನ್ನು, ಒಪ್ಪಿಕೊಳ್ಳಲಾಗದೆ ಕೆರಳುವುದನ್ನು ಹತ್ತಿರದಿಂದ ಕಾಣುವುದೇ ಒಂದು ಶಿಕ್ಷಣ. ಅವರು ಹೆದರಿದರೆ, ಸಿಡುಕಿದರೆ, ನಿಮ್ಮ ಕಣ್ಣಿನಲ್ಲಿ ಚಿಕ್ಕವರಾಗದಿರಲಿ; ಸಾಯುವವರು ಉಳಿದವರಿಗೆ ವಿವೇಕ ಹೇಳಲೇಬೇಕೆಂಬ ಋಣವೇನೂ ಇಲ್ಲ.

ಅವರಿಂದ ನಿಮಗೆ ದೊರೆತದ್ದನ್ನು ಅವರಿಗೆ ಹೇಳುವುದನ್ನು ಮಾತ್ರ ಮುಂದಿನ ವಾರಕ್ಕೆ ಉಳಿಸಬೇಡಿ. ಧ್ವನಿ ಮುದ್ರಿಸಿಕೊಳ್ಳುವುದಿದ್ದರೆ ಅನುಮತಿ ಪಡೆದು, ಮಾತು ಅರ್ಥವಾಗುತ್ತಿರುವ ಈಗಲೇ ಮಾಡಿ. ಬರೆದಿಟ್ಟುಕೊಂಡದ್ದನ್ನು ಅವರಿಗೇ ಓದಿ ಹೇಳಿ ತಿದ್ದಿಸಿಕೊಳ್ಳಿ. ಅದು ಯಾರ ಕೈ ಸೇರಬೇಕು, ಯಾವುದು ನಿಮ್ಮಿಬ್ಬರಲ್ಲೇ ಉಳಿಯಬೇಕು ಎಂಬುದನ್ನು ಅವರೇ ತೀರ್ಮಾನಿಸಲಿ.