ಬಿಸಿಲಿನಲ್ಲಿ ಓಟ: ಸೇನಾ ಸಂಶೋಧನೆ ಕಲಿಸಿದ್ದೇನು?

ಪ್ರಶ್ನೆ: ನನ್ನ ತಮ್ಮ ಸೇನಾ ಭರ್ತಿಗಾಗಿ ಏಪ್ರಿಲ್ ಬಿಸಿಲಿನಲ್ಲೇ ಓಡುತ್ತಾನೆ. ಬಿಸಿಲು ತಾಳಿಕೊಳ್ಳುವ ಬಗ್ಗೆ ಸೇನೆಗಳು ಸಂಶೋಧನೆ ಮಾಡಿವೆಯೇ?
– ಓದುಗರೊಬ್ಬರು, ಶಹಾಬಾದ್, ಕಲಬುರಗಿ ಜಿಲ್ಲೆ

ಉತ್ತರ: ಮಾಡಿವೆ. 1950ರ ದಶಕದಲ್ಲಿ ಅಮೆರಿಕದ ಮರೀನ್ ಪಡೆಯ ತರಬೇತಿ ಶಿಬಿರಗಳಲ್ಲಿ ಹೊಸಬರು ಬಿಸಿಲಿನ ಹೊಡೆತಕ್ಕೆ ಕುಸಿದು ಬೀಳುತ್ತಿದ್ದುದರಿಂದ, ಉಷ್ಣತೆಯೊಂದನ್ನೇ ನೋಡದೆ ತೇವ, ನೇರ ಬಿಸಿಲು, ಗಾಳಿ ಎಲ್ಲವನ್ನೂ ಕೂಡಿಸಿ ಅಳೆಯುವ ಸೂಚ್ಯಂಕವೊಂದು ರೂಪುಗೊಂಡಿತು. ಅದರಲ್ಲಿ ಒದ್ದೆ ಬಟ್ಟೆ ಸುತ್ತಿದ ಥರ್ಮಾಮೀಟರಿನ ಅಳತೆಗೆ ನೂರಕ್ಕೆ 70, ಬಿಸಿಲಿಗಿಟ್ಟ ಕಪ್ಪು ಗೋಳದೊಳಗಿನ ಥರ್ಮಾಮೀಟರಿನ ಅಳತೆಗೆ 20, ನೆರಳಿನ ಉಷ್ಣತೆಗೆ ಬರೀ 10 ಪಾಲು. ಬೆವರು ಆರಿದರಷ್ಟೇ ಮೈ ತಣಿಯುವುದರಿಂದ ತೇವಕ್ಕೆ ಇಷ್ಟು ತೂಕ. ಆದ್ದರಿಂದಲೇ ಒಣ ಏಪ್ರಿಲ್‌ಗಿಂತ ಮಳೆ ಹಿಡಿಯುವ ಮುಂಚಿನ ಜೂನ್ ಧಗೆ ಕೆಲವೊಮ್ಮೆ ಹೆಚ್ಚು ಅಪಾಯಕಾರಿ. ನಿಮ್ಮೂರಿನ ಕಲ್ಲುಗಣಿಗಳಲ್ಲಿಯೂ ಈ ಅಳತೆಯ ಫಲಕ ತೂಗಬೇಕೆಂಬುದು ನನ್ನ ಬಲವಾದ ಅಭಿಪ್ರಾಯ.

ಮೈ ಬಿಸಿಲಿಗೆ ಒಗ್ಗಲು ಒಂದೆರಡು ವಾರ ಬೇಕು. ಬೆವರು ಬೇಗ ಬರತೊಡಗುತ್ತದೆ, ಅದರಲ್ಲಿ ಉಪ್ಪಿನಂಶ ಕಡಿಮೆಯಾಗುತ್ತದೆ. ಆದ್ದರಿಂದ ನಿಮ್ಮ ತಮ್ಮ ಬೆಳಗಿನ ಜಾವ ಅಭ್ಯಾಸ ಆರಂಭಿಸಿ, ಓಟವನ್ನು ದಿನದಿನಕ್ಕೆ ಸ್ವಲ್ಪವೇ ಹೆಚ್ಚಿಸಲಿ. ನೀರು ಅಗತ್ಯ, ಆದರೆ ಮಿತಿಮೀರಿ ಕುಡಿದರೆ ರಕ್ತದಲ್ಲಿನ ಸೋಡಿಯಂ ಇಳಿದು ಜೀವಕ್ಕೇ ಕುತ್ತಾಗಬಹುದು. ಅಂಥ ಪ್ರಕರಣಗಳ ನಂತರವೇ ಅಮೆರಿಕದ ಸೇನೆ ಗಂಟೆಗೆ ಸುಮಾರು ಒಂದೂವರೆ ಲೀಟರಿನ ಮಿತಿ ಹಾಕಿತು.

ಓಡುವಾಗ ಯಾರಾದರೂ ತೊದಲಿದರೆ, ದಿಕ್ಕು ತಪ್ಪಿದಂತೆ ಆಡಿದರೆ, ಆಂಬ್ಯುಲೆನ್ಸ್‌ಗೆ ಕರೆ ಮಾಡಿ, ಅದು ಬರುವವರೆಗೆ ಕಾಯದೆ ಬಿದ್ದಲ್ಲೇ ಮೈತುಂಬ ತಣ್ಣೀರು ಸುರಿಯುತ್ತಿರಿ.