ಮನೆಯ ಮಿಲ್ಲಿಂಗ್ ಮಷೀನನ್ನು ಸಿಎನ್‌ಸಿ ಮಾಡುತ್ತಿದ್ದೇನೆ, ಅಂದರೆ ಕಂಪ್ಯೂಟರಿನಿಂದ ಓಡುವ ಹಾಗೆ. ಐ5 ತಗೊಳ್ಳಲಾ, ಐ7 ತಗೊಳ್ಳಲಾ, ಇರುವ ಲ್ಯಾಪ್‌ಟಾಪೇ ಸಾಕಾ?

ಐ5ಓ ಐ7ಓ ಅನ್ನುವ ಲೆಕ್ಕವನ್ನೇ ಬಿಡ್ರಿ. ಅದೇ ಲೆಕ್ಕ ಹಾಕಿಕೊಂಡು ನಾಲ್ಕು ವರ್ಷದ ಹಿಂದೆ ಕಲಬುರಗಿಯಿಂದ ಹೈದರಾಬಾದಿಗೆ ರೈಲು ಹತ್ತಿದವನು ನಾನು. ಕೋಠಿಯ ಗುಜರಾತಿ ಗಲ್ಲಿಯಲ್ಲಿ ವೈರು, ಕನೆಕ್ಟರು ಆರಿಸಿಕೊಂಡು, ಬರುವಾಗ ಒಂದು ಸೆಕೆಂಡ್ ಹ್ಯಾಂಡ್ ಐ5 ಡೆಸ್ಕ್‌ಟಾಪ್ ಹೊತ್ತು ತಂದೆ. 8 ಜಿಬಿ ರ್‍ಯಾಮ್, ಎಸ್‌ಎಸ್‌ಡಿ. ಇದಕ್ಕಿಂತ ಇನ್ನೇನು ಬೇಕು ಅನ್ನಿಸಿತ್ತು.

ಮಷೀನು ಸಣ್ಣದು, ಮನೆ ಹಿಂದಿನ ಪತ್ರಾಸ್ ಶೆಡ್ಡಿನಲ್ಲಿದೆ. ಮೂರೂ ಆಕ್ಸಿಸ್‌ಗೆ ನೆಮಾ 23 ಸ್ಟೆಪ್ಪರ್ ಮೋಟರ್ (ಒಂದೊಂದು ಪಲ್ಸ್‌ಗೆ ಒಂದೊಂದು ಸಣ್ಣ ಹೆಜ್ಜೆ ತಿರುಗುವಂಥದ್ದು), ಒಂದು ಸುತ್ತಿಗೆ 5 ಮಿ.ಮೀ. ಸರಿಸುವ ಬಾಲ್ ಸ್ಕ್ರೂ, ಪ್ಯಾರಲಲ್ ಪೋರ್ಟಿಗೆ (ಹಳೆಯ ಪ್ರಿಂಟರ್ ಪೋರ್ಟ್) ಸಿಕ್ಕಿಸಿ ಮೋಟರ್ ಡ್ರೈವರ್‌ಗಳಿಗೆ ವೈರು ಒಯ್ಯುವ ಬ್ರೇಕೌಟ್ ಬೋರ್ಡ್, ಮೇಲೆ ಮಷೀನು ಓಡಿಸುವ ಸಾಫ್ಟ್‌ವೇರ್ ಲಿನಕ್ಸ್‌ಸಿಎನ್‌ಸಿ. ಹೀಗೆ ಜೋಡಿಸಿದರೆ ಪಲ್ಸ್ ಎಲ್ಲ ಕಂಪ್ಯೂಟರೇ ಹೊತ್ತಿಗೆ ಸರಿಯಾಗಿ ಕೊಡಬೇಕು. ಡೆಸ್ಕ್‌ಟಾಪಿನಲ್ಲಿ ಪ್ಯಾರಲಲ್ ಪೋರ್ಟ್ ಇರಲಿಲ್ಲ, ಕಾರ್ಡ್ ಹಾಕಿಕೊಂಡೆ. ಯುಎಸ್‌ಬಿಯಿಂದ ಪ್ಯಾರಲಲ್ ಮಾಡುವ ಕೇಬಲ್ ಸಿಗುತ್ತದಲ್ಲ, ಅದನ್ನು ಮಾತ್ರ ತರಬೇಡಿ. ಅದು ಪ್ರಿಂಟರ್‌ಗಷ್ಟೇ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಲಿನಕ್ಸ್‌ಸಿಎನ್‌ಸಿ ಜೊತೆಗೇ ಲೇಟೆನ್ಸಿ ಟೆಸ್ಟ್ ಬರುತ್ತದೆ. ಕಂಪ್ಯೂಟರು ಹೇಳಿದ ಹೊತ್ತಿಗೆ ಎಷ್ಟು ತಡವಾಗಿ ಏಳುತ್ತದೆ ಅಂತ ಅದು ತೋರಿಸುತ್ತದೆ. ನಾನು ಅದನ್ನು ಅರ್ಧ ನಿಮಿಷ ಓಡಿಸಿದೆ. 9 ಸಾವಿರ ನ್ಯಾನೋಸೆಕೆಂಡ್ ಬಂತು, ಅಂದರೆ 9 ಮೈಕ್ರೋಸೆಕೆಂಡ್. 20ರೊಳಗೆ ಇದ್ದರೆ ಉತ್ತಮ ಅಂತ ಓದಿದ್ದೆ. ಖುಷಿಯಲ್ಲಿ ಟೆಸ್ಟ್ ಮುಚ್ಚಿದೆ. ಆ ಮದರ್‌ಬೋರ್ಡು ಸುಮಾರು ನಿಮಿಷಕ್ಕೊಮ್ಮೆ ಪ್ರೊಸೆಸರನ್ನು ತನ್ನ ಕೆಲಸಕ್ಕೆ ಎಳೆದುಕೊಳ್ಳುತ್ತಿತ್ತು, ಆಪರೇಟಿಂಗ್ ಸಿಸ್ಟಮ್‌ಗೂ ಹೇಳದೆ. ಇದಕ್ಕೆ ಎಸ್‌ಎಂಐ ಅನ್ನುತ್ತಾರೆ. ಲ್ಯಾಪ್‌ಟಾಪ್‌ಗಳಲ್ಲಿ ಈ ಕಾಟ ಇನ್ನೂ ಜಾಸ್ತಿ, ಬ್ಯಾಟರಿ ಉಳಿಸುವ ಏರ್ಪಾಡು ಬೇರೆ ಸೇರುತ್ತದೆ. ನನ್ನದರಲ್ಲಿ ಒಮ್ಮೆ ಎಳೆದರೆ 300 ಮೈಕ್ರೋಸೆಕೆಂಡ್ ಹೋಗುತ್ತಿತ್ತು. ಅರ್ಧ ನಿಮಿಷ ನೋಡಿದವನಿಗೆ ಅದು ಹೇಗೆ ಕಂಡೀತು?

300 ಅಂದರೆ ಎಷ್ಟು ಅಂತ ಲೆಕ್ಕ ಹಾಕಿ. ಮೋಟರಿನ ಒಂದು ಸುತ್ತಿಗೆ 200 ಸ್ಟೆಪ್, ಡ್ರೈವರ್‌ನಲ್ಲಿ ಒಂದೊಂದು ಸ್ಟೆಪ್ಪಿಗೆ 8 ಮೈಕ್ರೋಸ್ಟೆಪ್, ಒಟ್ಟು 1600. 5 ಮಿ.ಮೀ. ಸ್ಕ್ರೂಗೆ ಮಿ.ಮೀ.ಗೆ 320 ಪಲ್ಸ್ ಆಯಿತು. ನಿಮಿಷಕ್ಕೆ 1500 ಮಿ.ಮೀ. ವೇಗದಲ್ಲಿ ಟೇಬಲ್ ಓಡುವಾಗ ಸೆಕೆಂಡಿಗೆ 8000 ಪಲ್ಸ್, ಪ್ರತಿ 125 ಮೈಕ್ರೋಸೆಕೆಂಡಿಗೆ ಒಂದು. ನಡುವೆ 300 ಮೈಕ್ರೋಸೆಕೆಂಡ್ ಸುಮ್ಮನಾದರೆ ಎರಡು ಪಲ್ಸ್ ತಪ್ಪಿ, ಆಮೇಲೆ ಒಮ್ಮೆಲೇ ನುಗ್ಗುತ್ತವೆ. ಓಡುತ್ತಿರುವ ಮೋಟರು ಎಡವುತ್ತದೆ.

ಮೊದಲ ದೊಡ್ಡ ಕೆಲಸ ಒಂದು ದಾಲ್ ಮಿಲ್ಲಿನದು. ಎಮರಿ ರೋಲರಿನ ತುದಿಗೆ ಕೂರುವ ನಾಲ್ಕು ಅಲ್ಯೂಮಿನಿಯಂ ಫ್ಲೇಂಜು, ಒಳಗೆ 6206 ಬೇರಿಂಗ್, ಅಂದರೆ 62 ಮಿ.ಮೀ. ಗುಳಿ. ಹೊಸ ತೊಗರಿ ಬರುವ ಮುಂಚೆ ಬೇಕು ಅಂದಿದ್ದರು. ಮೊದಲನೆಯದು ಮುಗಿದಾಗ ಬೇರಿಂಗ್ ಇಳಿಯಲಿಲ್ಲ. ಲೇತ್ ಕೆಲಸದಲ್ಲೇ ಕೂದಲು ಬೆಳ್ಳಗಾದ ನಮ್ಮ ಕಾಕಾ ಗುಳಿಯೊಳಗೆ ಉಗುರು ಆಡಿಸಿ, ‘ತಮ್ಮಾ, ಇದ್ರಾಗ ಪಾವಟಿಗಿ ಬಿದ್ದಾವಲ್ಲೊ’ ಅಂದರು. ಬೆರಳಿಟ್ಟೆ. ಗೋಡೆಯಲ್ಲಿ ಮೂರು ಮೆಟ್ಟಿಲು. ಒಂದೊಂದು ಪದರ ಕೊರೆದು ಟೂಲ್ ಮೇಲೆದ್ದು ವಾಪಸು ಓಡುವಾಗಲೆಲ್ಲ ಎಕ್ಸ್ ಆಕ್ಸಿಸ್ ಸ್ವಲ್ಪ ಸ್ವಲ್ಪ ಸರಿದಿತ್ತು.

ಸ್ಕ್ರೂನಲ್ಲಿ ಬ್ಯಾಕ್‌ಲ್ಯಾಶ್ (ಸಡಿಲ) ಇದೆ ಅಂದುಕೊಂಡು ಹದಿನೈದು ದಿನ ಟೇಬಲಿನ ಸಡಿಲ ತೆಗೆಯುವ ಗಿಬ್ ಪಟ್ಟಿ ಬಿಗಿದೆ, ಕಪ್ಲಿಂಗ್ ಬದಲಿಸಿದೆ. ಇನ್ನೆರಡು ಫ್ಲೇಂಜು ಹಾಳಾದವು. ಕೊನೆಗೆ ಡಯಲ್ ಗೇಜ್ ಇಟ್ಟು ಸೊನ್ನೆಗೆ ವಾಪಸು ತಂದೆ: 0.30 ಮಿ.ಮೀ. ಆಚೆ. ಮತ್ತೊಮ್ಮೆ ಓಡಿಸಿದೆ: 0.20. ಸಡಿಲ ಇದ್ದಿದ್ದರೆ ಪ್ರತಿ ಸಲ ಅಷ್ಟೇ ತೋರಿಸಬೇಕಿತ್ತು, ಹೀಗೆ 0.1ರ ಪಟ್ಟಿನಲ್ಲಿ ಬೇರೆ ಬೇರೆ ಬರುತ್ತಿರಲಿಲ್ಲ. ಸ್ಟೆಪ್ಪರ್ ಎಡವಿದರೆ ನಾಲ್ಕು ಪೂರ್ತಿ ಸ್ಟೆಪ್ ಜಾರಿಯೇ ಮತ್ತೆ ಹಿಡಿದುಕೊಳ್ಳುತ್ತದೆ. ನಾಲ್ಕು ಸ್ಟೆಪ್ ಅಂದರೆ 7.2 ಡಿಗ್ರಿ, ನನ್ನ ಸ್ಕ್ರೂನಲ್ಲಿ ಸರಿಯಾಗಿ 0.1 ಮಿ.ಮೀ. ಆವತ್ತೇ ದೋಷ ಕಬ್ಬಿಣದಲ್ಲಿಲ್ಲ, ಕಂಪ್ಯೂಟರಿನಲ್ಲಿದೆ ಅಂತ ತಿಳಿದದ್ದು. ‘ಅನೆಕ್ಸ್‌ಪೆಕ್ಟೆಡ್ ರಿಯಲ್‌ಟೈಮ್ ಡಿಲೇ’ ಅಂತ ಪರದೆಯಲ್ಲಿ ಬಂದೂ ಇತ್ತು. ಒಂದು ಸಲ ಶುರುಮಾಡಿದರೆ ಆ ಮಾತು ಒಂದೇ ಸಲ ಬರುತ್ತದೆ, ನಾನು ಓದದೆ ಮುಚ್ಚುತ್ತಿದ್ದೆ. ಮಿಲ್ಲಿನವರು ಕೆಲಸ ಬೇರೆಯವರಿಗೆ ಕೊಟ್ಟರು.

ಇವತ್ತೂ ಅದೇ ಐ5 ಓಡುತ್ತಿದೆ. ನಡುವೆ ಒಂದು ಮೆಸಾ ಈಥರ್ನೆಟ್ ಬೋರ್ಡ್ ಹಾಕಿದ್ದೇನೆ, ಅಷ್ಟೇ. ಪಲ್ಸ್ ಹುಟ್ಟಿಸುವುದು ಬೋರ್ಡು. ಕಂಪ್ಯೂಟರು ಮಿಲಿಸೆಕೆಂಡಿಗೊಮ್ಮೆ ಎಲ್ಲಿಗೆ ಹೋಗಬೇಕು ಅಂತ ಹೇಳಿದರೆ ಸಾಕು, ನಡುವೆ 300 ಮೈಕ್ರೋಸೆಕೆಂಡ್ ಹೋದರೂ ಅದು ತಡೆದುಕೊಳ್ಳುತ್ತದೆ. ಅದಕ್ಕೇ ನಿಮ್ಮ ಐ7ರ ದುಡ್ಡನ್ನು ಬೋರ್ಡಿಗೆ ಹಾಕಿ. ಅಷ್ಟು ದುಡ್ಡಿಲ್ಲ, ಮೂರೇ ಆಕ್ಸಿಸ್ ಸಾಕು ಅನ್ನುವುದಾದರೆ ಆರ್ಡುಯಿನೊ ಊನೊ ಅನ್ನುವ ಸಣ್ಣ ಬೋರ್ಡಿನ ಮೇಲೆ ಪಲ್ಸ್ ಹುಟ್ಟಿಸುವ ಸಾಫ್ಟ್‌ವೇರ್ ಜಿಆರ್‌ಬಿಎಲ್ ಹಾಕಿ. ಸೆಕೆಂಡಿಗೆ 30 ಸಾವಿರ ಪಲ್ಸ್‌ವರೆಗೆ ಕೊಡುತ್ತದೆ, ನಿಮ್ಮ ಲ್ಯಾಪ್‌ಟಾಪ್ ಜಿ-ಕೋಡ್ (ಮಷೀನಿಗೆ ಕೊಡುವ ಆಜ್ಞೆಗಳು) ಕಳಿಸುತ್ತಾ ಕೂತಿರಲಿ. ಲ್ಯಾಪ್‌ಟಾಪಿಗೆ ಅಷ್ಟೇ ಕೆಲಸ ಕೊಡಿ. ವಿಂಡೋಸ್‌ನ ಸಿಎನ್‌ಸಿ ಸಾಫ್ಟ್‌ವೇರ್ ಮ್ಯಾಕ್3 ಹಾಕುವ ಯೋಚನೆ ಇದ್ದರೆ, ಅದರ ಪ್ಯಾರಲಲ್ ಪೋರ್ಟ್ ಡ್ರೈವರ್ 64 ಬಿಟ್ ವಿಂಡೋಸ್‌ನಲ್ಲಿ ನಡೆಯುವುದೇ ಇಲ್ಲ.

ಇಷ್ಟಾದರೂ ಪ್ಯಾರಲಲ್ ಪೋರ್ಟೇ ಬೇಕು ಅಂದರೆ ಲಿನಕ್ಸ್‌ಸಿಎನ್‌ಸಿಯ ಲೈವ್ ಇಮೇಜನ್ನು ಪೆನ್ ಡ್ರೈವಿಗೆ ಹಾಕಿಕೊಂಡು ಅಂಗಡಿಗೆ ಹೋಗಿ. ದುಡ್ಡು ಕೊಡುವ ಮೊದಲು ಅದರಿಂದಲೇ ಬೂಟ್ ಮಾಡಿಸಿ ಲೇಟೆನ್ಸಿ ಟೆಸ್ಟ್ ಹಚ್ಚಿ. ಜೊತೆಗೆ ಪರದೆಗೆ ಕೆಲಸ ಕೊಡುವ ಜಿಎಲ್‌ಎಕ್ಸ್‌ಗಿಯರ್ಸ್ (glxgears) ಓಡಲಿ, ದೊಡ್ಡ ಫೈಲ್ ಕಾಪಿ ಆಗುತ್ತಿರಲಿ. ಪೂರ್ತಿ ಒಂದು ತಾಸು ಕೂತು ನೋಡಿ. ತಾಸು ಕೂರಲು ಅಂಗಡಿಯವರು ಒಪ್ಪದಿದ್ದರೆ ಆ ಕಂಪ್ಯೂಟರ್ ಅಲ್ಲೇ ಬಿಟ್ಟು ಬನ್ನಿ.