ಕಾನೂನು ಪ್ರಶ್ನೋತ್ತರ: ಶವ ಯಾರ ಸುಪರ್ದಿಗೆ?

ಪ್ರಶ್ನೆ: ಅಕ್ಕ–ಭಾವ ಕೆಲವು ವರ್ಷಗಳಿಂದ ಬೇರೆ ಬೇರೆ ಇದ್ದರು, ವಿಚ್ಛೇದನ ಆಗಿರಲಿಲ್ಲ. ಭಾವ ಬೈಕ್ ಅಪಘಾತದಲ್ಲಿ ತೀರಿಕೊಂಡಾಗ ಅವರ ತಂಗಿಯರು ಶವವನ್ನು ಕುಟುಂಬದ ಮನೆಗೆ ಒಯ್ದು ಸೋದರಳಿಯನಿಂದ ಕೊಳ್ಳಿ ಇಡಿಸಿದರು. ಅಕ್ಕನಿಗೂ ಮಗನಿಗೂ ಹಕ್ಕು ಇರಲಿಲ್ಲವೇ? ಆಸ್ತಿಯೂ ಕೈತಪ್ಪುತ್ತದೆಯೇ?
— ಓದುಗರು, ಬ್ರಹ್ಮಾವರ

ಉತ್ತರ: ಆಸ್ತಿಯ ಚಿಂತೆ ಬಿಡಿ. ಕೊಳ್ಳಿ ಇಟ್ಟವನಿಗೆ ಪಾಲು ಎಂಬ ಮಾತು ನಮ್ಮ ಕರಾವಳಿಯಲ್ಲಿ ಇನ್ನೂ ಕೇಳಿಬರುತ್ತದೆ. ಕಾನೂನಿನಲ್ಲಿ ಅದಕ್ಕೆ ಬೆಲೆಯಿಲ್ಲ. ಭಾವ ಉಯಿಲು ಬರೆದಿಲ್ಲವಾದರೆ ಅವರ ಸ್ವಂತ ಆಸ್ತಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯಂತೆ ಹೆಂಡತಿಗೆ, ಮಕ್ಕಳಿಗೆ, ಬದುಕಿದ್ದರೆ ತಾಯಿಗೆ ಸಮಪಾಲು. ಅಳಿಯಸಂತಾನದ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವ ಕುಟುಂಬವಾದರೂ ಅಷ್ಟೇ. ಅಂತ್ಯಕ್ರಿಯೆಗೆ ಆದ ನ್ಯಾಯವಾದ ಖರ್ಚನ್ನು ಮಾತ್ರ ತಂಗಿಯರು ಕೇಳಬಹುದು.

ಶವದ ವಿಷಯ ಬೇರೆ. ನಮ್ಮ ಕಾನೂನು ಶವವನ್ನು ಆಸ್ತಿ ಎಂದು ಕಾಣುವುದಿಲ್ಲ, ಯಾರು ಮೊದಲು ಯಾರು ನಂತರ ಎಂಬ ಪಟ್ಟಿಯನ್ನೂ ಕೊಟ್ಟಿಲ್ಲ. ಬೇರೆ ವಾಸವಿದ್ದರೂ ವಿಚ್ಛೇದನವಾಗದ ಹೆಂಡತಿ ಹೆಂಡತಿಯೇ. ಆಕೆಯ ಮಾತಿಗೆ ತೂಕ ಹೆಚ್ಚು. ಆದರೆ ಆ ಮಾತು ಸಮಯಕ್ಕೆ ಸರಿಯಾಗಿ ಕಾಗದದ ಮೇಲೆ ಬರಬೇಕು. ಅಪಘಾತದ ಸಾವಿನಲ್ಲಿ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಬಿಎನ್‌ಎಸ್‌ಎಸ್) 194ನೇ ಕಲಮಿನಂತೆ ಶವ ಪಂಚನಾಮೆ, ಆಮೇಲೆ ಮರಣೋತ್ತರ ಪರೀಕ್ಷೆ, ಕೊನೆಗೆ ಸಹಿ ಪಡೆದು ಶವ ಹಸ್ತಾಂತರ. ಯಾರೂ ಆಕ್ಷೇಪ ಎತ್ತದಿದ್ದರೆ ಶವಾಗಾರದ ಬಾಗಿಲಲ್ಲಿ ನಿಂತ ಬಂಧುವಿಗೇ ಪೊಲೀಸರು ಕೊಟ್ಟುಬಿಡುತ್ತಾರೆ. ನಿಮ್ಮ ಅಕ್ಕನಿಗೆ ಆದದ್ದೂ ಬಹುಶಃ ಇದೇ.

ಇಂಥ ಸಂದರ್ಭದಲ್ಲಿ ಮರಣೋತ್ತರ ಪರೀಕ್ಷೆ ಮುಗಿಯುವ ಮೊದಲೇ ತನಿಖಾಧಿಕಾರಿಗೆ ಲಿಖಿತ ಅರ್ಜಿ ಕೊಡಿ. ಇನ್ನೊಂದು ಪ್ರತಿಗೆ ಠಾಣೆಯ ಮೊಹರು ಹಾಕಿಸಿಕೊಂಡು ಶವಾಗಾರದ ವೈದ್ಯರಿಗೂ ತೋರಿಸಿ. ವಿವಾಹ ನೋಂದಣಿ ಪತ್ರ ಇಲ್ಲದಿದ್ದರೆ ರೇಷನ್ ಕಾರ್ಡ್, ಮಗನ ಜನನ ಪ್ರಮಾಣಪತ್ರ ಲಗತ್ತಿಸಿ. ತಕರಾರು ದಾಖಲಾದ ಮೇಲೆ ಪೊಲೀಸರು ಶವವನ್ನು ಶೀತಲೀಕರಣದಲ್ಲಿಟ್ಟು ಇಬ್ಬರನ್ನೂ ಕೂರಿಸಿ ಮಾತಾಡಿಸುವುದು ರೂಢಿ. ಅಲ್ಲೂ ಬಗೆಹರಿಯದಿದ್ದರೆ ಹೈಕೋರ್ಟಿನಲ್ಲಿ ತುರ್ತು ರಿಟ್ ಅರ್ಜಿ. ಉಡುಪಿ, ಮಂಗಳೂರಿನವರು ಅದಕ್ಕೆ ಬೆಂಗಳೂರಿಗೇ ಹೋಗಬೇಕು. ದಹನ ಆದ ಮೇಲೆ ಯಾವ ಕೋರ್ಟೂ ಏನನ್ನೂ ಮರಳಿ ಕೊಡಿಸಲಾರದು. ಅಸ್ಥಿಯಲ್ಲಿ ಒಂದು ಭಾಗವನ್ನು ಮಗನಿಗೆ ಕೊಡಿ ಎಂದು ಹಿರಿಯರ ಮೂಲಕ ಕೇಳಿ ನೋಡಿ.

ಪ್ರಶ್ನೆ: ನನ್ನ ದೇಹವನ್ನು ಮೆಡಿಕಲ್ ಕಾಲೇಜಿಗೆ ಕೊಡಬೇಕೆಂದು ಉಯಿಲಿನಲ್ಲಿ ಬರೆದರೆ ಸಾಕೇ? ಹಿರಿಮಗನಿಗೆ ಇದು ಇಷ್ಟವಿಲ್ಲ.
— ಓದುಗರು, ಸುರತ್ಕಲ್

ಉತ್ತರ: ಸಾಲದು. ಉಯಿಲನ್ನು ತೆರೆಯುವುದು ಸಾಮಾನ್ಯವಾಗಿ ಬೊಜ್ಜ (ಉತ್ತರಕ್ರಿಯೆ) ಮುಗಿದ ಮೇಲೆ! ಮಂಗಳೂರು, ದೇರಳಕಟ್ಟೆ, ಮಣಿಪಾಲದ ಯಾವುದಾದರೂ ಮೆಡಿಕಲ್ ಕಾಲೇಜಿನ ಅಂಗರಚನಾಶಾಸ್ತ್ರ ವಿಭಾಗದಲ್ಲಿ ದೇಹದಾನದ ನಮೂನೆ ಪಡೆದು, ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ. ಸಾಕ್ಷಿಗಳಲ್ಲಿ ಒಬ್ಬರು ಹತ್ತಿರದ ಬಂಧುವಾಗಿರಲಿ. ಹಿರಿಮಗನೇ ಒಪ್ಪಿದರೆ ಅದಕ್ಕಿಂತ ಒಳ್ಳೆಯದಿಲ್ಲ. ಮನೆಯವರು ಜಗಳಕ್ಕೆ ನಿಂತರೆ ಕಾಲೇಜು ಹಿಂಜರಿಯುತ್ತದೆ. ಕೇರಳದ ಹಿರಿಯ ಕಮ್ಯುನಿಸ್ಟ್ ನಾಯಕ ಎಂ. ಎಂ. ಲಾರೆನ್ಸ್ 2024ರ ಸೆಪ್ಟೆಂಬರ್‌ನಲ್ಲಿ ತೀರಿಕೊಂಡಾಗ, ದೇಹದಾನ ಬೇಡ, ಚರ್ಚಿನ ಕ್ರಮದಂತೆ ದಫನವಾಗಲಿ ಎಂದು ಮಗಳು ಕೋರ್ಟಿಗೆ ಹೋದರು. ದೇಹದಾನದ ಪರವಾಗಿ ಬಂದ ಹೈಕೋರ್ಟ್ ತೀರ್ಪನ್ನು 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಉಳಿಸಿತು. ಗೆದ್ದರೂ ಅಷ್ಟು ತಿಂಗಳು ದೇಹ ಶವಾಗಾರದಲ್ಲೇ ಉಳಿಯಿತು.

ಮರಣೋತ್ತರ ಪರೀಕ್ಷೆಯಾದ, ಕೊಳೆತ ಅಥವಾ ಸೋಂಕುರೋಗ ಇದ್ದ ದೇಹವನ್ನು ಕಾಲೇಜುಗಳು ಸಾಮಾನ್ಯವಾಗಿ ತೆಗೆದುಕೊಳ್ಳುವುದಿಲ್ಲ. ಹಾಗಾದರೆ ಏನು ಮಾಡಬೇಕೆಂದು ಅದೇ ಕಾಗದದಲ್ಲಿ ಬರೆದಿಡಿ. ಕಣ್ಣು ಕೊಡುವುದಿದ್ದರೆ ಸುಮಾರು 6 ಗಂಟೆಯೊಳಗೆ ತೆಗೆಯಬೇಕು. ಮಗನ ಅಳುಕು ಕರ್ಮದ ಬಗ್ಗೆಯಾದರೆ, ದೇಹ ಸಿಗದಾಗ ದರ್ಭೆಯ ಪ್ರತಿಕೃತಿಗೆ ಸಂಸ್ಕಾರ ಮಾಡುವ ಪದ್ಧತಿ ಇದೆ. ನಿಮ್ಮ ಪುರೋಹಿತರನ್ನು ಕೇಳಿ.

ಪ್ರಶ್ನೆ: ಬಿಲ್ ಬಾಕಿ ಇದೆಯೆಂದು ಖಾಸಗಿ ಆಸ್ಪತ್ರೆ ಶವ ಕೊಡದೆ ಇರಬಹುದೇ?
— ಓದುಗರು, ಬಂಟ್ವಾಳ

ಉತ್ತರ: ಇಲ್ಲ. ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ಪ್ರಕಾರ ಮೊದಲು ಶವ ಕೊಡಬೇಕು, ಬಾಕಿಯನ್ನು ಆಮೇಲೆ ವಸೂಲಿ ಮಾಡಿಕೊಳ್ಳಬೇಕು. ಒಪ್ಪದಿದ್ದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ದೂರು ಕೊಡಿ. ಈ ದೂರುಗಳನ್ನು ನೋಡುವ ಜಿಲ್ಲಾ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಯೇ ಅಧ್ಯಕ್ಷರು. ಹೊರಡುವ ಮೊದಲು ಸಾವಿನ ಕಾರಣದ ವೈದ್ಯಕೀಯ ಪ್ರಮಾಣಪತ್ರ ಕೇಳಿ ಪಡೆಯಿರಿ, ಹೆಸರು ಆಧಾರ್‌ನಲ್ಲಿರುವಂತೆಯೇ ಇದೆಯೇ ಎಂದು ಅಲ್ಲೇ ನೋಡಿಕೊಳ್ಳಿ.